ಬಚ್ಚಲ ಬಾಗಿಲಿನ ಚಿಲಕ

ಕಳೆದ ಮಂಗಳವಾರ ಪಕ್ಕದ ಮನೆಯ ಅಜ್ಜಿ ನನಗೆ ಬೈದರು. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ವರ್ಷ ಆಯಿತು, ಅವರು ದನಿ ಎತ್ತಿದ್ದನ್ನು ಕೇಳಿದ್ದು ಅದೇ ಮೊದಲು.

ನಮ್ಮ ಪಾರ್ಸೆಲ್ ಅವರ ಮನೆಗೆ ಹೋಗಿತ್ತು. ಕೊಡಲು ಬಂದು ಬೆಲ್ ಒತ್ತಿದರು. ನನ್ನ ಒದ್ದೆ ಕೈ ನೋಡಿ, "ಚಿಕ್ಕವನು ಎಲ್ಲಿ?" ಎಂದರು.

"ಮೇಲೆ, ಟಬ್‌ನಲ್ಲಿ. ಅಕ್ಕ ಇದ್ದಾಳೆ."

ಅಕ್ಕನಿಗೆ ಐದು ವರ್ಷ. ಅವನಿಗೆ ಹದಿನಾಲ್ಕು ತಿಂಗಳು.

"ಮೊದಲು ಮೇಲೆ ಹೋಗು!" ಎಂದು ಪಾರ್ಸೆಲನ್ನು ಅಲ್ಲೇ ನೆಲಕ್ಕೆ ಹಾಕಿದರು.

ಏನೂ ಆಗಿರಲಿಲ್ಲ. ಅವನು ರಬ್ಬರ್ ಬಾತುಕೋಳಿ ಕಚ್ಚುತ್ತಾ ಕೂತಿದ್ದ. ನನಗೆ ಮಾತ್ರ ಕೈಕಾಲು ನಡುಕ.

ಅವರು ನಿವೃತ್ತ ನರ್ಸ್. ಮರುದಿನ ಬಂದು ಸಮಾಧಾನವಾಗಿ ಹೇಳಿದರು. ಐದು ಸೆಂಟಿಮೀಟರ್ ನೀರಿದ್ದರೂ ಮಗು ಮುಳುಗಬಹುದು. ಎಷ್ಟೋ ಸಲ ಕೂಗೂ ಕೇಳುವುದಿಲ್ಲ, ನೀರು ಬಡಿಯುವ ಸದ್ದೂ ಇರುವುದಿಲ್ಲ. ಸ್ನಾನದ ಸೀಟನ್ನು ನಂಬಬೇಡ, ಅದು ಮಗುಚುತ್ತದೆ. ಟವೆಲ್ ಮರೆತರೂ ಮಗುವನ್ನು ಎತ್ತಿಕೊಂಡೇ ಹೋಗು. ತಣ್ಣೀರು ಮೊದಲು, ಬಿಸಿನೀರು ಆಮೇಲೆ. 37-38 ಡಿಗ್ರಿ ಸಾಕು.

ಅವರು ಹೋದ ಮೇಲೆ ಊರಿನ, ಉಡುಪಿ ಹತ್ತಿರದ ಕಾಪುವಿನ ನಮ್ಮ ಬಚ್ಚಲು ನೆನಪಾಯಿತು. ಒಲೆಯಲ್ಲಿ ಕೊತ್ತಳಿಗೆ, ಅಂದರೆ ತೆಂಗಿನ ಗರಿಯ ಒಣಗಿದ ದಿಂಡು, ಉರಿಯುತ್ತಿತ್ತು. ಅಜ್ಜಿ ಮಣೆ ಮೇಲೆ ಕಾಲು ಚಾಚಿ ಕೂತು, ತಮ್ಮನನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಉಜ್ಜುತ್ತಿದ್ದರು. ಅಮ್ಮ ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದರು. ಮಗುವಿಗೆ ನಾಲ್ಕು ಕೈ. ಬಾಗಿಲಿಗೆ ಯಾರೇ ಬಂದರೂ ಅವರಿಬ್ಬರೂ ಏಳುತ್ತಿರಲಿಲ್ಲ. ಇಲ್ಲಿ ಇರುವುದು ನನ್ನ ಎರಡೇ ಕೈ.

ಆದರೆ ಅದು ಮಗು ಕಾಲ ಮೇಲೆ ಮಲಗುವಷ್ಟು ದಿನ. ಅದೇ ತಮ್ಮ ನಡೆಯಲು ಕಲಿತ ಮೇಲೆ ಬಚ್ಚಲಿನ ತುಂಬಿದ ಬಕೆಟ್‌ಗೆ ತಲೆಕೆಳಗಾಗಿ ಬಿದ್ದಿದ್ದ. ಆ ಪ್ರಾಯದಲ್ಲಿ ತಲೆಯೇ ಭಾರ, ಬಗ್ಗಿ ಬಿದ್ದರೆ ತಾನಾಗಿ ಏಳಲಾಗುವುದಿಲ್ಲ. ಅಮ್ಮ ಕಾಲು ತೊಳೆಯಲು ಹೋಗಿದ್ದರಿಂದ ಉಳಿದ. "ದೇವರು ಕಾಪಾಡಿದ" ಎಂದು ಇವತ್ತಿಗೂ ಹೇಳುತ್ತೇವೆ. ಬಕೆಟ್ ಮಾತ್ರ ಮರುದಿನವೂ ತುಂಬಿಯೇ ಇತ್ತು. ಹಂಡೆಯ ಬಿಸಿನೀರು ಮೊದಲು ಸುರಿದಿಟ್ಟು ತಣ್ಣೀರು ತರಲು ಹೋಗುವುದೂ ನಿಲ್ಲಲಿಲ್ಲ. ಈ ಮಾತು ಬರೆಯಲು ನನಗೆ ಬೇಜಾರಾಗುತ್ತದೆ, ಆದರೆ ನಿಜ ಅಲ್ವಾ?

ದೀಪಾವಳಿಗೆ ಊರಿಗೆ ಹೋಗುತ್ತಿದ್ದೇವೆ. ಅಮ್ಮನಿಗೆ ಫೋನ್ ಮಾಡಿ, ನಾವಿರುವಷ್ಟು ದಿನ ಬಕೆಟ್ ಖಾಲಿ ಮಾಡಿ ಬೋರಲು ಹಾಕಿ ಎಂದೆ.

"ಕರೆಂಟು ಹೋದ್ರೆ ನೀರಿಗೆ ಎಂತ ಮಾಡುದು? ನೀವೆಲ್ಲ ಹೀಗೇ ಬೆಳೆದದ್ದಲ್ವಾ?"

"ತಮ್ಮ ಬಿದ್ದದ್ದು ನೆನಪುಂಟಾ ಅಮ್ಮಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ್ರೆ ಆಗ್ತದಾ? ಎಷ್ಟು ಎತ್ತರಕ್ಕೆ?"

"ನಿಮ್ಮ ಭುಜದಷ್ಟು."

"ಆಯ್ತು. ನಾಳೆಯೇ ಆಚಾರಿಗೆ ಬರ್ಲಿಕ್ಕೆ ಹೇಳ್ತೇನೆ."