ನರಸೀಪುರದ್ದು ನಿಜವಾದ ಕುಂಭಮೇಳವಾ?

ನಾನು ಮೈಸೂರು ಜಿಲ್ಲೆಯ ಟಿ. ನರಸೀಪುರದ ಕಡೆಯ ಜನ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ‘ಕುಂಭಮೇಳ ನಡೆಯೋದು ಪ್ರಯಾಗ, ಹರಿದ್ವಾರ, ಉಜ್ಜಯಿನಿ, ನಾಸಿಕ್ ನಾಲ್ಕೇ ಕಡೆ ಅಲ್ವಾ? ನಿಮ್ಮೂರಿಂದು ಯಾವ ಕುಂಭಮೇಳ?’ ಅಂತ. 2025ರಲ್ಲಿ ಪ್ರಯಾಗದ ಮಹಾಕುಂಭ ನಡೆಯುತ್ತಿದ್ದಾಗಲೇ, ಫೆಬ್ರವರಿ 10ರಿಂದ 12ರವರೆಗೆ ನಮ್ಮಲ್ಲೂ ಮೇಳ ಇತ್ತು. ಆಗಂತೂ ಕೇಳಿದವರು ಇನ್ನೂ ಜಾಸ್ತಿ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇಲ್ಲಿ ಕುಂಭಮೇಳ ಶುರುವಾಗಿದ್ದು 1989ರಲ್ಲಿ. ನಾಡಿನ ಮಠಾಧೀಶರು ಮುಂದೆ ನಿಂತು ಆರಂಭಿಸಿದರು. ಉತ್ತರದ ಮೇಳಗಳಿಗೆ ಹೋಗಿಬರುವ ಶಕ್ತಿ ಇಲ್ಲದ ನಮ್ಮ ಜನಕ್ಕೆ ಇಲ್ಲೇ ಆ ಪುಣ್ಯ ಸಿಗಲಿ ಅನ್ನೋದು ಆಸೆ. ಅಲ್ಲಿಂದ ಮೂರು ವರ್ಷಕ್ಕೊಮ್ಮೆ ನಡೆಯುತ್ತಾ ಬಂತು. 2019ರ ನಂತರ ಕೊರೊನಾದಿಂದಾಗಿ ಒಂದು ಸರದಿ ತಪ್ಪಿ, ಮತ್ತೆ ನಡೆದದ್ದು 2025ರಲ್ಲೇ. ಹಾಗಾಗಿ ಮೇಳ ಹೊಸದು ಅನ್ನುವವರ ಮಾತು ಸುಳ್ಳಲ್ಲ.

ಆದರೆ ಮಾಘ ಮಾಸದಲ್ಲಿ ಇಲ್ಲಿನ ಸಂಗಮದಲ್ಲಿ ಮೀಯುವುದು 1989ರಲ್ಲಿ ಹುಟ್ಟಿದ್ದಲ್ಲ. ನನ್ನ ಉತ್ತರ ಇರುವುದು ಅಲ್ಲೇ. ಪ್ರಯಾಗದ್ದೇ ತೆಗೆದುಕೊಳ್ಳಿ. ಗುರು ಗ್ರಹದ ಲೆಕ್ಕದಲ್ಲಿ 12 ವರ್ಷಕ್ಕೊಮ್ಮೆ ಅಲ್ಲಿ ಕುಂಭ ಬರುತ್ತದೆ. ಆದರೆ ಮಾಘ ಮೇಳ ಪ್ರತಿ ವರ್ಷವೂ ಇದೆ. ಆ ಹಳೆಯ ಮಾಘ ಮೇಳಕ್ಕೆ ಕುಂಭ ಅನ್ನುವ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 19ನೇ ಶತಮಾನದಲ್ಲಿ ಅನ್ನುವ ಇತಿಹಾಸಕಾರರೂ ಇದ್ದಾರೆ. ಜನ ಮೊದಲು ಬಂದರು, ಹೆಸರು ಆಮೇಲೆ ಬಂತು. ಅಲ್ಲಿ ಆದದ್ದು ಇಲ್ಲಿ ಆದರೆ ಅದು ನಕಲು ಹೇಗಾಗುತ್ತದೆ?

ಜಾಗ ಹೇಗಿದೆ ಅಂತ ಹೇಳಬೇಕು. ತಲಕಾವೇರಿಯಿಂದ ಹೊರಟ ಕಾವೇರಿ ಶ್ರೀರಂಗಪಟ್ಟಣ ದಾಟಿ ಒಂದು ಕಡೆಯಿಂದ ಬರುತ್ತಾಳೆ. ವಯನಾಡಿನ ಮಳೆ ಹೊತ್ತ ಕಪಿಲೆ, ಅಂದರೆ ಕಬಿನಿ, ನಂಜನಗೂಡು ದಾಟಿ ಇನ್ನೊಂದು ಕಡೆಯಿಂದ ಬರುತ್ತಾಳೆ. ಎರಡೂ ಸೇರುವಲ್ಲಿ ಸ್ಫಟಿಕ ಸರೋವರ ಕಣ್ಣಿಗೆ ಕಾಣದೆ ಬಂದು ಕೂಡುತ್ತದೆ ಅನ್ನುವುದು ನಂಬಿಕೆ. ಅದಕ್ಕೇ ಇದು ತ್ರಿವೇಣಿ. ನದಿಗಳ ನಡುವಿನ ನೆಲ ತಿರುಮಕೂಡಲು. ಕಪಿಲೆಯ ಆಚೆ ದಡದಲ್ಲಿ ನರಸೀಪುರ ಪೇಟೆ. ಪಿಟೀಲು ಚೌಡಯ್ಯನವರು ಹುಟ್ಟಿದ್ದು ಇದೇ ತಿರುಮಕೂಡಲಿನಲ್ಲಿ, 1895ರಲ್ಲಿ. ಇದನ್ನು ಹೇಳದೆ ಮುಂದಕ್ಕೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಮಾಘವೇ ಯಾಕೆ ಅಂತ ಕೆಲವರು ಕೇಳುತ್ತಾರೆ. ಪಂಚಾಂಗದ ಉತ್ತರ ಒಂದಿದೆ, ಹೊಳೆಯ ಉತ್ತರ ಇನ್ನೊಂದಿದೆ. ಜುಲೈ, ಆಗಸ್ಟ್‌ನಲ್ಲಿ ಬಂದು ನೋಡಿ. ಕೇರಳದ ಕಡೆ ಮಳೆ ಹಿಡಿದರೆ ಕಬಿನಿ ಅಣೆಕಟ್ಟು ಬೇಗ ತುಂಬಿ ಕಪಿಲೆ ಕೆಂಪಗೆ ಉಕ್ಕುತ್ತಾಳೆ. ದಡದ ಮೆಟ್ಟಿಲು ಕೂಡ ಕಾಣುವುದಿಲ್ಲ, ನೀರಿಗೆ ಕಾಲಿಡುವ ಮಾತೇ ಇಲ್ಲ. ಮಾಘದ ಹೊತ್ತಿಗೆ ನೀರು ಇಳಿದು, ತಿಳಿಯಾಗಿ, ನಡುಹೊಳೆಯ ಮರಳ ದಿಬ್ಬ ಮೇಲೆ ಬಂದಿರುತ್ತದೆ. ಭತ್ತದ ಕೊಯ್ಲು, ಒಕ್ಕಣೆ ಮುಗಿದು ರೈತರಿಗೂ ಸ್ವಲ್ಪ ಬಿಡುವು. ಹೊಳೆಗೂ ಜನಕ್ಕೂ ಪುರುಸೊತ್ತಿರುವ ಕಾಲ ಅದು. ಮೇಳದ ಕೊನೆಯ ದಿನ ಮಾಘ ಹುಣ್ಣಿಮೆಗೆ ಬೀಳುವಂತೆ ಇಟ್ಟುಕೊಳ್ಳುವುದೂ ಹೊಸದಾಗಿ ಮಾಡಿದ ಲೆಕ್ಕವಲ್ಲ.

ಹಳೆಯದು ಅಂದೆ. ಎಷ್ಟು ಹಳೆಯದು? ಇಲ್ಲಿ ಜನ ನೆಲೆಸಿದ್ದರ ಗುರುತು ದೇವಸ್ಥಾನಗಳಿಗಿಂತ ಬಹಳ ಹಿಂದಿನದು. 1960ರ ಆಸುಪಾಸಿನಲ್ಲಿ ಪುರಾತತ್ವಜ್ಞ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನರಸೀಪುರದಲ್ಲಿ ಉತ್ಖನನ ನಡೆಯಿತು. ಸಿಕ್ಕಿದ್ದು ನವಶಿಲಾಯುಗದ ನೆಲೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಮಾತು. ಸಮಾಧಿಯ ಜೊತೆ ಸುಟ್ಟ ಮಣ್ಣಿನ ತಲೆದಿಂಬು ಸಿಕ್ಕಿತು. ಅಂಥದ್ದೇ ಹತ್ತಿರದ ಹೆಮ್ಮಿಗೆಯಲ್ಲೂ ಸಿಕ್ಕಿದೆ. ಹೋದವರ ತಲೆಗೆ ಆಸರೆ ಇರಲಿ ಅಂತ ಯಾರೋ ಮಣ್ಣು ಕಲಸಿ, ಆಕಾರ ಕೊಟ್ಟು, ಸುಟ್ಟು ಇಟ್ಟಿದ್ದಾರೆ. ಅವರ ದೇವರು ಯಾವುದು, ಹೊಳೆಯನ್ನು ಏನೆಂದು ಕರೆದರು ಅಂತ ಹೇಳಲು ಒಂದಕ್ಷರವೂ ಉಳಿದಿಲ್ಲ. ಆದರೆ ಈ ನೀರಿನ ಪಕ್ಕದಲ್ಲೇ ಬದುಕಿ, ಇಲ್ಲೇ ಮಣ್ಣಾದರು. ಇವತ್ತಿಗೂ ನಮ್ಮ ಸುತ್ತಮುತ್ತಲಿನವರು ಅಸ್ಥಿ ಬಿಡಲು ಬರುವುದು ಇದೇ ಸಂಗಮಕ್ಕೆ.

ಈ ಜಾಗವನ್ನು ಕಾಶಿಗೆ ಹೋಲಿಸುವುದು ಕೂಡ ಕುಂಭಮೇಳದಿಂದ ಶುರುವಾದದ್ದಲ್ಲ. ಪೇಟೆಯ ಕಡೆಯ ಗುಂಜಾ ನರಸಿಂಹಸ್ವಾಮಿಯ ಕೈ ನೋಡಿ. ಬೆರಳುಗಳ ನಡುವೆ ಒಂದು ಗುಂಜಾ, ಅಂದರೆ ಗುಲಗಂಜಿ. ಅದರ ಹಿಂದೆ ಒಬ್ಬ ಅಗಸನ ಕಥೆ ಇದೆ. ಅವನ ಕನಸಿನಲ್ಲಿ ನರಸಿಂಹ ಬಂದು ಗುಡಿ ಕಟ್ಟು ಅಂದನಂತೆ. ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲೇ ಅದಕ್ಕೆ ಬೇಕಾದ ಹಣ ಸಿಕ್ಕಿತಂತೆ. ನಾನು ಕಾಶಿಗೆ ಹೋಗಬೇಕಿತ್ತಲ್ಲ ಸ್ವಾಮಿ ಅಂದದ್ದಕ್ಕೆ, ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಅಂತ ದೇವರು ಹೇಳಿದನಂತೆ. ನನಗೆ ಈ ಕಥೆ ತುಂಬಾ ಇಷ್ಟ. ಇಲ್ಲಿ ಗುಡಿ ಕಟ್ಟಿದ್ದು ರಾಜನಲ್ಲ, ಹೊಳೆಯಲ್ಲಿ ದಿನವಿಡೀ ನಿಂತು ದುಡಿಯುವವನು. ಕಾಶಿಗೆ ಹೋಗಲಾಗದವನ ಸಂಕಟಕ್ಕೆ ದೇವರೇ ಇಲ್ಲಿ ಉತ್ತರ ಕೊಟ್ಟಿದ್ದಾನೆ. 1989ರಲ್ಲಿ ಮೇಳ ಶುರು ಮಾಡಿದವರ ಆಸೆಯೂ ಅದೇ ತಾನೆ?

ತಿರುಮಕೂಡಲಿನ ಅಗಸ್ತ್ಯೇಶ್ವರನದು ಇನ್ನೊಂದು ಕಥೆ. ಅಗಸ್ತ್ಯರು ಲಿಂಗ ತರಲು ಹನುಮಂತನನ್ನು ಕಳಿಸಿದರು. ಅವನು ಬರುವುದು ತಡವಾಯಿತು, ಮುಹೂರ್ತ ಮೀರುತ್ತಿತ್ತು, ಮರಳಿನಲ್ಲೇ ಲಿಂಗ ಮಾಡಿ ಪ್ರತಿಷ್ಠೆ ಮಾಡಿಬಿಟ್ಟರು. ಹನುಮಂತ ಬಂದು ಕೋಪದಲ್ಲಿ ಅದರ ತಲೆಗೆ ಪೆಟ್ಟು ಕೊಟ್ಟ. ಅಲ್ಲಾದ ತಗ್ಗಿನಲ್ಲಿ ಗಂಗೆ ಜಿನುಗುತ್ತಾಳೆ ಅನ್ನುತ್ತಾರೆ. ಆ ನೀರನ್ನೇ ತೀರ್ಥವಾಗಿ ಕೊಡುತ್ತಾರೆ. ಗದ್ದಲ ಇಲ್ಲದ ದಿನ ಹೋಗಿ ಕೈಯೊಡ್ಡಿ. ಒಂದು ಉದ್ಧರಣೆಯಷ್ಟು ನೀರು ಅಂಗೈಗೆ ಬೀಳುತ್ತದೆ.

ಮೇಳದ ಮೂರು ದಿನ ಊರಿನ ರೂಪವೇ ಬೇರೆ. ನದಿಯ ಮೇಲೆ ಸೇನೆಯವರು ತೇಲುವ ಸೇತುವೆ ಹಾಕಿಕೊಡುತ್ತಾರೆ. ಕಾಶಿಯಲ್ಲಿ ಮಾಡುವಂತೆ ದೀಪಾರತಿ ನಡೆಯುತ್ತದೆ. ವೇದಿಕೆ, ಮೈಕು, ಗಣ್ಯರ ಕಾರು ಎಲ್ಲಾ ಇರುತ್ತದೆ. ಟಿವಿಯಲ್ಲಿ ನೀವು ನೋಡುವುದು ಇಷ್ಟೇ. ನಾನು ನೋಡಿ ಅನ್ನುವುದು ಬೇರೆ. ಬೆಳಗಿನ ಜಾವ ಹಳ್ಳಿಗಳಿಂದ ಬರುವ ಟ್ರ್ಯಾಕ್ಟರುಗಳು. ಒದ್ದೆ ಸೀರೆಯಲ್ಲೇ ಎಲೆಯ ಮೇಲೆ ದೀಪ ಇಟ್ಟು ಹೊಳೆಗೆ ಬಿಡುವ ಹೆಂಗಸರು. ತೀರಿಹೋದ ಹಿರಿಯರ ಹೆಸರು ಒಂದೊಂದಾಗಿ ಹೇಳಿ, ಅವರಿಗೊಂದು ತಮಗೊಂದು ಅಂತ ಮುಳುಗು ಹಾಕುವ ಅಜ್ಜಂದಿರು. ಆ ಮುಳುಗಿಗೆ ಮೇಳದ ಹಂಗಿಲ್ಲ. ಮೇಳ ಇಲ್ಲದ ವರ್ಷವೂ ಇವರು ಬರುತ್ತಾರೆ.

ಹುಣ್ಣಿಮೆಯಷ್ಟೇ ಅಲ್ಲ. ಸುತ್ತಲಿನ ಎಷ್ಟೋ ಊರುಗಳ ಹಬ್ಬ ಶುರುವಾಗುವುದೇ ಈ ಹೊಳೆಯಿಂದ. ಊರದೇವರ ಸತ್ತಿಗೆ ಅಂದರೆ ಛತ್ರಿ, ಕಂಡಾಯ ಅಂದರೆ ದೇವರ ಲಾಂಛನ, ಇವನ್ನು ಹೊತ್ತು ಬಂದು, ತೊಳೆದು, ಹೂವು ಹೊಂಬಾಳೆಯಿಂದ ಸಿಂಗರಿಸಿ ಪೂಜೆ ಮಾಡಿಸಿಕೊಂಡು ತಮಟೆಯ ಜೊತೆ ವಾಪಸ್ಸು ಹೋಗುತ್ತಾರೆ. ದೇವರಿಗೂ ಇಲ್ಲಿ ಸ್ನಾನ ಆಗಬೇಕು. ಇದನ್ನು ನೋಡಿದ ಮೇಲೆ, ಇದು ನಿಜವಾದ ಮೇಳವಾ ಅಂತ ಕೇಳಿದವರು ನನಗೆ ಇನ್ನೂ ಸಿಕ್ಕಿಲ್ಲ.

ನನಗೆ ನೋವು ಕೊಡುವುದು ಬೇರೆ ವಿಷಯ. ಮಿಂದು ಮೇಲೆ ಬಂದವರು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟರೆ ಪಾಪ ಕಳೆಯುತ್ತದೆ ಅಂದುಕೊಳ್ಳುತ್ತಾರೆ. ಆ ಬಟ್ಟೆ ಎಲ್ಲೂ ಹೋಗುವುದಿಲ್ಲ. ಕಲ್ಲಿಗೆ ಸುತ್ತಿಕೊಂಡು, ಮರಳಲ್ಲಿ ಹೂತು, ಮುಂದೆ ಬಂದವರ ಕಾಲಿಗೆ ತೊಡರುತ್ತದೆ. ಪ್ಲಾಸ್ಟಿಕ್ ಕವರ್, ಫೋಟೋ ಚೌಕಟ್ಟು ಎಲ್ಲಾ ಅಲ್ಲೇ. ದಯವಿಟ್ಟು ಬಿಡಬೇಡಿ. ಇನ್ನೊಂದು ಮಾತು. ಎರಡು ಹೊಳೆ ಕೂಡುವ ಕಡೆ ಮೇಲೆ ಸುಮ್ನೆ ಇದ್ದಂತೆ ಕಾಣುವ ನೀರಿನ ಒಳಗೆ ಸುಳಿ ಇರುತ್ತದೆ. ಮರಳು ತೆಗೆದ ಕಡೆ ಗುಂಡಿಯೂ ಇರುತ್ತದೆ. ಈಜು ಬರುತ್ತೆ ಅಂತ ಮುಂದಕ್ಕೆ ಹೋಗಬೇಡಿ, ಮೆಟ್ಟಿಲ ಹತ್ತಿರವೇ ಮೀಯಿರಿ. ಮಕ್ಕಳ ಕೈ ಬಿಡಬೇಡಿ.

ಮೂರು ವರ್ಷದ ಲೆಕ್ಕ ಹಿಡಿದರೆ ಮುಂದಿನ ಸರದಿ 2028ಕ್ಕೆ. ಅಲ್ಲಿಯವರೆಗೆ ಕಾಯಬೇಕಿಲ್ಲ. ಯಾವುದೇ ವರ್ಷ ಮಾಘದಲ್ಲಿ ಮೈಸೂರಿನಿಂದ ಬೆಳಗ್ಗೆಯೇ ಬಸ್ ಹತ್ತಿ ಬನ್ನಿ. ಮೊದಲು ಸಂಗಮ, ಆಮೇಲೆ ಅಗಸ್ತ್ಯೇಶ್ವರ, ಕೊನೆಗೆ ಗುಂಜಾ ನರಸಿಂಹ. ಸಮಯ ಉಳಿದರೆ ಸೋಮನಾಥಪುರವೂ ತಲಕಾಡೂ ಹತ್ತಿರವೇ.