ಲಡಾಖ್‌ನ ಚಳಿಯಲ್ಲಿ ನಾನು ಖಾಲಿ ಮಾಡಿದ ಬ್ಯಾಟರಿ

ಲಡಾಖ್‌ನಲ್ಲಿ ಯಾರನ್ನಾದರೂ ಗೌರವದಿಂದ ಕರೆಯಬೇಕಾದರೆ ಕೊನೆಗೆ ‘ಲೇ’ ಸೇರಿಸಬೇಕು. ಅಣ್ಣನಿಗೆ ಅಚೋ-ಲೇ, ಅಕ್ಕನಿಗೆ ಅಚೆ-ಲೇ, ಅಮ್ಮನಿಗೆ ಅಮಾ-ಲೇ. ನಮ್ಮ ಕಡೆ ‘ಲೇ’ ಅಂದರೆ ಒಂದೋ ಸಲುಗೆ, ಇಲ್ಲಾ ಜಗಳ. ಹಾಗಾಗಿ ಮೊದಲ ಹದಿನೈದು ದಿನ ನನ್ನ ನಾಲಿಗೆ ಹೊರಳಲೇ ಇಲ್ಲ. ಮನೆಗೆ ಫೋನ್ ಮಾಡಿ ಹೇಳಿದರೆ ಹೆಂಡತಿ ಬಿದ್ದು ಬಿದ್ದು ನಕ್ಕಳು. ಅದೂ ಆಫೀಸಿನ ಲ್ಯಾಂಡ್‌ಲೈನ್‌ನಿಂದ. ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ವಿಮಾನ ಇಳಿದ ಮೇಲೆ.

ನಾನು ಸರ್ಕಾರಿ ರೇಡಿಯೋದ ಟ್ರಾನ್ಸ್‌ಮಿಟರ್ ವಿಭಾಗದವನು. ನಮ್ಮ ನೌಕರಿಯಲ್ಲಿ ‘ಡಿಫಿಕಲ್ಟ್ ಸ್ಟೇಷನ್’ ಅಂತ ಒಂದು ಪಟ್ಟಿ ಇರುತ್ತದೆ. ಎಲ್ಲರ ಪಾಳಿಯೂ ಒಂದಲ್ಲ ಒಂದು ದಿನ ಬರುತ್ತದೆ. ನನ್ನದು 2016ರ ಸೆಪ್ಟೆಂಬರ್‌ನಲ್ಲಿ ಬಂತು. ಕೇಂದ್ರದ ಹೆಸರು ಬೇಡ ಬಿಡಿ, ತಪ್ಪು ನನ್ನದು.

ಅಲ್ಲಿಗೆ ಹೋಗುವ ತನಕ ನಾನು ಕೆಲಸ ಮಾಡಿದ್ದು ಕರಾವಳಿಯಲ್ಲಿ. ಅಲ್ಲಿ ನಮ್ಮ ಶತ್ರು ಸಿಡಿಲು ಮತ್ತು ಉಪ್ಪುಗಾಳಿ. ಎರಡು ಮಳೆಗಾಲಕ್ಕೆ ನಟ್ಟು ಬೋಲ್ಟು ತುಕ್ಕು ಹಿಡಿದು ಕೈಗೇ ಬರುತ್ತವೆ. ಲಡಾಖ್‌ನಲ್ಲಿ ತುಕ್ಕು ಅನ್ನೋದೇ ಇಲ್ಲ, ಗಾಳಿ ಅಷ್ಟು ಒಣಗಿರುತ್ತದೆ. ಆದರೆ ಬೇರೆ ಕಾಟಗಳಿವೆ. ಲೇಹ್ ಪೇಟೆಯೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳ್ಳಗೆ. ನಮಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಾಗೆ ಜನರೇಟರ್‌ಗೂ ಬರುತ್ತದೆ. ಅದರ ಮೈಮೇಲೆ ಬರೆದಷ್ಟು ಶಕ್ತಿ ಅದು ಕೊಡುವುದಿಲ್ಲ. ತೆಳು ಗಾಳಿ ಶಾಖವನ್ನೂ ಸರಿಯಾಗಿ ಒಯ್ಯುವುದಿಲ್ಲ. ಹಾಗಾಗಿ ಹೊರಗೆ ಮೈನಸ್ ಹದಿನೈದು ಇದ್ದರೂ ಟ್ರಾನ್ಸ್‌ಮಿಟರ್ ಒಳಗೆ ಬಿಸಿ ಏರುತ್ತಿರುತ್ತದೆ. ಮೊದಲ ಸಲ ನೋಡಿದಾಗ ಮೀಟರ್ ಕೆಟ್ಟಿದೆ ಅಂದುಕೊಂಡಿದ್ದೆ.

ವಿದ್ಯುತ್ತಿನ ಕತೆಯೇ ಬೇರೆ. ಶ್ರೀನಗರದಿಂದ ಲೇಹ್‌ಗೆ 220 ಕೆವಿ ಲೈನ್ ಉದ್ಘಾಟನೆ ಆಗಿದ್ದು 2019ರ ಫೆಬ್ರವರಿಯಲ್ಲಿ. ನಾನಿದ್ದಾಗ ಅದು ಇನ್ನೂ ಬಂದಿರಲಿಲ್ಲ. ಚಳಿಗಾಲದಲ್ಲಿ ಹೊಳೆ ಹೆಪ್ಪುಗಟ್ಟಿದರೆ ಜಲವಿದ್ಯುತ್ತೂ ಕಡಿಮೆ. ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ, ಬಂದರೆ ಸುದ್ದಿ.

ಅಕ್ಟೋಬರ್‌ನಲ್ಲಿ ನಮ್ಮ ಡ್ರೈವರ್ ಅಚೋ-ಲೇ ಒಂದು ಮಾತು ಹೇಳಿದ್ದರು. ಜನರೇಟರ್‌ನ ಡೀಸೆಲ್‌ಗೆ ಈಗಲೇ ಒಂದಷ್ಟು ಸೀಮೆಎಣ್ಣೆ ಬೆರೆಸಿಡಿ, ಇಲ್ಲಿ ಲಾರಿಯವರೂ ಹಾಗೇ ಮಾಡ್ತಾರೆ ಅಂತ. ನಾನು ಎಂಜಿನಿಯರ್ ಅಲ್ವಾ, ಒಪ್ಪಲಿಲ್ಲ. ಸರ್ಕಾರಿ ಜನರೇಟರ್‌ಗೆ ಸೀಮೆಎಣ್ಣೆ ಹಾಕಿಸಿದೆ ಅಂತ ಆಡಿಟ್‌ನಲ್ಲಿ ಬಂದರೆ ಯಾರು ಉತ್ತರ ಕೊಡೋದು? ಮೈನಸ್‌ಗೆ ಇಳಿದಾಗ ಮಾಮೂಲಿ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗುತ್ತದೆ ಅಂತ ಓದಿದ್ದೆ. ಓದಿದ್ದು ಬೇರೆ, ನೋಡಿದ್ದು ಬೇರೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ಹೇಗಿರುತ್ತದೋ ಹಾಗಿರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಮುಗಿಯಿತು. ಮೈನಸ್ 33ರ ತನಕ ಹೆಪ್ಪುಗಟ್ಟದ ಚಳಿಗಾಲದ ಡೀಸೆಲ್ ಅನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ತಂದಿದ್ದು 2019ರ ನವೆಂಬರ್‌ನಲ್ಲಿ. ನನ್ನ ಪಾಲಿಗೆ ತಡವಾಯಿತು.

2017ರ ಜನವರಿಯ ಒಂದು ಬೆಳಿಗ್ಗೆ. ಆರೂ ನಲವತ್ತಕ್ಕೆ ಕರೆಂಟ್ ಹೋಯಿತು. ಹೊರಗೆ ಇನ್ನೂ ಕತ್ತಲೆ. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಚೋ-ಲೇ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅದೇ ಜಾಸ್ತಿ ಕಷ್ಟ.

ಆದರೂ ನನಗೆ ಗಾಬರಿ ಇರಲಿಲ್ಲ. ಯುಪಿಎಸ್ ಇತ್ತು. 1 ಕಿಲೋವ್ಯಾಟ್ ಎಫ್‌ಎಂ ಟ್ರಾನ್ಸ್‌ಮಿಟರ್ ಅದರ ಮೇಲೆ ಮುಕ್ಕಾಲು ಗಂಟೆ ಓಡಬೇಕು, ಅದು ಕಾಗದದ ಲೆಕ್ಕ. ಅಷ್ಟರಲ್ಲಿ ಕರೆಂಟ್ ಬರುತ್ತದೆ ಅಂದುಕೊಂಡೆ. ಗಾಳಿಯಲ್ಲಿ ಹಾಡು ಹೋಗುತ್ತಿತ್ತು. ಒಂದು ಸೆಕೆಂಡ್ ಕೂಡ ತಪ್ಪದೆ ಹೋಗುತ್ತಿದೆಯಲ್ಲ ಅಂತ ಒಳಗೊಳಗೇ ಖುಷಿ. ನಮ್ಮ ಕೆಲಸದಲ್ಲಿ ಲಾಗ್‌ಬುಕ್‌ನ ‘ಬ್ರೇಕ್‌ಡೌನ್’ ಕಾಲಂ ಖಾಲಿ ಇದ್ದರೆ ಅದೇ ದೊಡ್ಡ ಬಹುಮಾನ.

ಚಳಿಗೆ ಲೆಡ್-ಆಸಿಡ್ ಬ್ಯಾಟರಿಯ ಬಲ ಕುಗ್ಗುತ್ತದೆ ಅನ್ನೋದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬ್ಯಾಟರಿಗಳಿದ್ದ ಕೋಣೆಯಲ್ಲಿ ಬಕೆಟ್ಟಿನ ನೀರು ಕಲ್ಲಾಗಿತ್ತು. ಮುಕ್ಕಾಲು ಗಂಟೆ ಬರಬೇಕಾದದ್ದು 22 ನಿಮಿಷ ಬಂತು. ಏಳು ಗಂಟೆ ಎರಡು ನಿಮಿಷಕ್ಕೆ ಎಲ್ಲ ನಿಂತಿತು. ಕರೆಂಟ್ ಬಂದದ್ದು ಏಳೂ ನಲವತ್ತಕ್ಕೆ. ಲಾಗ್‌ಬುಕ್‌ನಲ್ಲಿ ಬರೆದೆ: ಬ್ರೇಕ್‌ಡೌನ್ 38 ನಿಮಿಷ, ಕಾರಣ ವಿದ್ಯುತ್ ವ್ಯತ್ಯಯ. ಸಹಿ ಹಾಕಿದೆ. ನನ್ನ ಮಟ್ಟಿಗೆ ವಿಷಯ ಮುಗಿದಿತ್ತು.

ಆದರೆ ಏಳೂಕಾಲಿಗೆ ಏನಿತ್ತು ಗೊತ್ತಾ? ಸ್ಥಳೀಯ ಸೂಚನೆಗಳು.

ಚಳಿಗಾಲದಲ್ಲಿ ಜೋಜಿಲಾ ಕಣಿವೆದಾರಿ ಮುಚ್ಚುತ್ತದೆ. 3,500 ಮೀಟರ್‌ಗೂ ಎತ್ತರದ ಜಾಗ, ಆಳೆತ್ತರದ ಹಿಮ. ನಾನಿದ್ದಾಗ ಶ್ರೀನಗರದ ಕಡೆಯ ರಸ್ತೆ ತಿಂಗಳುಗಟ್ಟಲೆ ಇರುತ್ತಿರಲಿಲ್ಲ. ಆಗ ಸಿಕ್ಕಿಹಾಕಿಕೊಂಡ ಜನರನ್ನು ವಾಯುಪಡೆಯ ಎಎನ್-32 ವಿಮಾನ ಹೊತ್ತೊಯ್ಯುತ್ತಿತ್ತು. ಆಸ್ಪತ್ರೆಗೆ ಹೋಗುವವರು, ಪರೀಕ್ಷೆ ಬರೆಯುವ ಮಕ್ಕಳು, ಜಮ್ಮುವಿನಲ್ಲಿ ಓದುವವರು. ಹವಾಮಾನ ಸರಿ ಇದ್ದರೆ ವಿಮಾನ ಉಂಟು, ಇಲ್ಲದಿದ್ದರೆ ಇಲ್ಲ. ಅದನ್ನು ಬೆಳಿಗ್ಗೆ ರೇಡಿಯೋದಲ್ಲಿ ಹೇಳುತ್ತಿದ್ದೆವು. ಮೊಬೈಲ್ ಇರಲಿಲ್ವಾ ಅಂತ ಕೇಳಬಹುದು. ಪೇಟೆಯಲ್ಲಿತ್ತು. ಪೇಟೆ ಬಿಟ್ಟು ಎರಡು ತಿರುವು ದಾಟಿದರೆ ಇರಲಿಲ್ಲ. ಕರೆಂಟ್ ಹೋದರೆ ಆಮೇಲೆ ಪೇಟೆಯಲ್ಲೂ ಟವರ್ ಮಲಗುತ್ತಿತ್ತು.

ಅವತ್ತು ವಿಮಾನ ಇರಲಿಲ್ಲ. ಅದು ನಮ್ಮ ಸ್ಟುಡಿಯೋದ ಕಾಗದದಲ್ಲಿತ್ತು, ಊರಿಗೆ ಗೊತ್ತಿರಲಿಲ್ಲ. ಹತ್ತು ಗಂಟೆಗೆ ನಾನು ಚಹಾಕ್ಕೆ ಹೊರಟಾಗ ಏರ್‌ಫೀಲ್ಡ್ ಕಡೆಯಿಂದ ಜನ ವಾಪಸು ಬರುತ್ತಿದ್ದರು. ನಮ್ಮ ಕಾವಲುಗಾರರ ಭಾವಮೈದ ಅವರಲ್ಲೊಬ್ಬರು. ನಲವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬಾಡಿಗೆ ಗಾಡಿಯಲ್ಲಿ ನಸುಕಿಗೇ ಬಂದಿದ್ದರು, ಜೊತೆಗೆ ಅವರ ತಾಯಿ. ಕಂಬಳಿ ಸುತ್ತಿಕೊಂಡು ಕೂತಿದ್ದ ಆ ಅಬಿ-ಲೇ, ಅಂದರೆ ಅಜ್ಜಿ, ನನ್ನನ್ನು ನೋಡಿ ‘ಜುಲೇ’ ಅಂದರು. ನಾನೂ ಜುಲೇ ಅಂದೆ. ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ, ಪುಣ್ಯ.

ಮಧ್ಯಾಹ್ನ ಉದ್ಘೋಷಕಿ ಅಚೆ-ಲೇ ಟ್ರಾನ್ಸ್‌ಮಿಟರ್ ಕೋಣೆಗೆ ಬಂದರು. ಇಪ್ಪತ್ತು ವರ್ಷದಿಂದ ಆ ಸೂಚನೆ ಓದುತ್ತಿರುವ ಹೆಂಗಸು. ಸಿಟ್ಟಿರಲಿಲ್ಲ, ಲೆಕ್ಕ ಕೇಳುವ ಧಾಟಿ.

“ಕರೆಂಟ್ ಹೋದ ಮೇಲೆ ಹಾಡು ಎಷ್ಟು ಹೊತ್ತು ಹೋಯಿತು ಸಾಬ್?”

“22 ನಿಮಿಷ.”

“ನನಗೆ ಬೇಕಾಗಿದ್ದದ್ದು ಎರಡು.”

ಕೋಣೆಯ ಮೂಲೆಯಲ್ಲಿ ಹಳೆಯ 100 ವ್ಯಾಟ್‌ನ ಸ್ಟ್ಯಾಂಡ್‌ಬೈ ಟ್ರಾನ್ಸ್‌ಮಿಟರ್ ಇತ್ತು. ಅದರ ಮೇಲೆ ನಾನು ಸ್ವೆಟರ್ ಒಣಗಲು ಹಾಕುತ್ತಿದ್ದೆ. ಕರೆಂಟ್ ಹೋದ ತಕ್ಷಣ ಅದಕ್ಕೆ ಬದಲಿಸಿದ್ದರೆ ಅದೇ ಸತ್ತ ಬ್ಯಾಟರಿ ಎರಡು ತಾಸು ಎಳೆಯುತ್ತಿತ್ತು. 100 ವ್ಯಾಟ್ ಅಂದರೆ ಹತ್ತರಲ್ಲೊಂದು ಪಾಲು ಊರಿಗಷ್ಟೇ ಕೇಳುತ್ತದೆ ಅಂತ ತಿಳಿಯಬೇಡಿ. ಶಕ್ತಿ ಹತ್ತನೇ ಒಂದಾದರೂ ದೂರದಲ್ಲಿ ಸಿಗ್ನಲ್‌ನ ಬಲ ಮೂರನೇ ಒಂದರಷ್ಟು ಉಳಿಯುತ್ತದೆ. ಎಫ್‌ಎಂಗೆ ಮುಖ್ಯ ಬೇಕಾದದ್ದು ನೇರ ನೋಟ, ಅಂದರೆ ಟವರ್‌ಗೂ ರೇಡಿಯೋಗೂ ನಡುವೆ ಗುಡ್ಡ ಅಡ್ಡ ಬರಬಾರದು. ನಮ್ಮ ಊರು ಬೋಗುಣಿಯ ತಳದ ಹಾಗಿತ್ತು, ಟವರ್ ಅದರ ಅಂಚಿನಲ್ಲಿ.

ಆ ಭಾನುವಾರ ಅಚೋ-ಲೇ ಮತ್ತು ನಾನು ಜೀಪಿನಲ್ಲಿ ಪುಟ್ಟ ರೇಡಿಯೋ ಹಿಡಿದು ಹೊರಟೆವು. ಅತ್ತ ಕೇಂದ್ರದಲ್ಲಿ 100 ವ್ಯಾಟ್ ಓಡುತ್ತಿತ್ತು. ಬೋಗುಣಿಯೊಳಗೆ ಎಲ್ಲ ಕಡೆ ಚೆನ್ನಾಗಿ ಕೇಳಿತು. ಗುಡ್ಡದ ತಿರುವು ದಾಟಿದ ಮೇಲೆ ಬರೀ ಶ್ ಸದ್ದು. ಅಲ್ಲಿ 1 ಕಿಲೋವ್ಯಾಟ್ ಹಾಕಿದರೂ ಅಷ್ಟಕ್ಕಷ್ಟೇ, ಬೆಟ್ಟದ ಮುಂದೆ ಯಾವ ವ್ಯಾಟೂ ನಡೆಯುವುದಿಲ್ಲ. ಕಾರ್ಗಿಲ್ ಹತ್ತಿರ ಹಂಬೋಟಿಂಗ್ಲಾದಲ್ಲಿ 4,054 ಮೀಟರ್ ಎತ್ತರಕ್ಕೆ ಟ್ರಾನ್ಸ್‌ಮಿಟರ್ ಒಯ್ದು ಕೂರಿಸಿದ್ದು ಇದಕ್ಕೇ. 2022ರ ಸೆಪ್ಟೆಂಬರ್‌ನಲ್ಲಿ ಅದರ ಉದ್ಘಾಟನೆ ಆಯಿತು. ಅಲ್ಲಿ ಪಾಳಿ ಮಾಡುವವರನ್ನು ನೆನೆದರೆ ನನ್ನ ಕಷ್ಟ ಏನೂ ಅಲ್ಲ ಅನ್ನಿಸುತ್ತದೆ.

ಜೀಪಿನಲ್ಲಿ ಅಚೋ-ಲೇ 2010ರ ಆಗಸ್ಟ್ ಬಗ್ಗೆ ಹೇಳಿದರು. ಲೇಹ್‌ನಲ್ಲಿ ರಾತ್ರಿ ಮೇಘಸ್ಫೋಟ ಆಗಿ ಕೆಸರು ಮನೆಗಳ ಮೇಲೆ ಬಂದ ವರ್ಷ. ಟೆಲಿಫೋನ್ ಎಕ್ಸ್‌ಚೇಂಜ್ ಹೋಯಿತು, ಮೊಬೈಲ್ ಟವರ್ ಹೋದವು, ರೇಡಿಯೋ ಟ್ರಾನ್ಸ್‌ಮಿಟರ್‌ಗೂ ಹೊಡೆತ ಬಿತ್ತು. ಯಾರು ಬದುಕಿದ್ದಾರೆ, ಯಾವ ದಾರಿ ಉಳಿದಿದೆ ಅಂತ ತಿಳಿಯುವ ದಾರಿಗಳೆಲ್ಲ ಒಟ್ಟಿಗೇ ಕಡಿದುಹೋದವು. “ಹಾಡು ಇಲ್ಲ ಅಂತ ಯಾರೂ ಅಳಲಿಲ್ಲ ಸಾಬ್” ಅಂದರು. ನನಗೆ ಹೇಳಿದ್ದೋ, ಸುಮ್ನೆ ನೆನಪಿಗೆ ಬಂದದ್ದೋ ಗೊತ್ತಿಲ್ಲ.

ಟಿವಿ ಬಗ್ಗೆಯೂ ಹೇಳಬೇಕು. ನನ್ನ ಪಕ್ಕದ ಕ್ವಾರ್ಟರ್ಸ್‌ನಲ್ಲಿ ದೂರದರ್ಶನದ ಗೆಳೆಯನಿದ್ದ, ಒಡಿಶಾದವನು. ನಮ್ಮಿಬ್ಬರ ಬುಖಾರಿ, ಅಂದರೆ ಕೋಣೆ ಬಿಸಿ ಮಾಡುವ ಒಲೆ, ಒಂದೇ; ಒಂದು ದಿನ ಅವನ ಸೀಮೆಎಣ್ಣೆ, ಒಂದು ದಿನ ನನ್ನದು. ಉಪಗ್ರಹದ ಡಿಶ್ ಬಂದ ಮೇಲೆ ಟಿವಿ ಟವರ್‌ಗೆ ಏನು ಕೆಲಸ ಅಂತ ನಾವು ರಾತ್ರಿ ಜಗಳ ಆಡುತ್ತಿದ್ದೆವು. ಏನೂ ಕೆಲಸ ಇಲ್ಲ ಅಂತ ಅವನು ಹೇಳಿದ್ದೇ ಆಯಿತು. ದೂರದರ್ಶನ ಹಳೆಯ ಅನಲಾಗ್ ಟವರ್‌ಗಳಲ್ಲಿ ಆಯಕಟ್ಟಿನ ಜಾಗದ 50 ಬಿಟ್ಟು ಉಳಿದದ್ದನ್ನು 2022ರ ಹೊತ್ತಿಗೆ ಮುಚ್ಚಿತು. ಆದರೆ ಡಿಶ್ ಮೇಲಿಂದ ಇಡೀ ದೇಶಕ್ಕೆ ಒಂದೇ ಮಾತು ಸುರಿಯುತ್ತದೆ. ಇವತ್ತು ಈ ಊರಿಂದ ವಿಮಾನ ಇಲ್ಲ ಅನ್ನುವ ಎರಡು ಸಾಲಿಗೆ ಅಲ್ಲಿ ಜಾಗ ಎಲ್ಲಿ? ಲಡಾಖಿಯಲ್ಲಿ ಅದನ್ನು ಹೇಳುವವರು ಯಾರು? ಆ ಜಗಳದಲ್ಲಿ ಅರ್ಧ ನಾನು ಗೆದ್ದೆ ಅಂತಲೇ ನನ್ನ ಅಭಿಪ್ರಾಯ.

ಆಮೇಲೆ ಏನೇನು ಬದಲಾಯಿಸಿದೆವು ಅಂದರೆ, ದೊಡ್ಡದೇನೂ ಇಲ್ಲ. ಡೀಸೆಲ್‌ಗೆ ಸೀಮೆಎಣ್ಣೆ ಬೆರೆಯಿತು, ಆಡಿಟ್‌ನವರು ಕೇಳಲೂ ಇಲ್ಲ. ಬ್ಯಾಟರಿಯನ್ನು ಬುಖಾರಿ ಇರುವ ಕೋಣೆಗೆ ತರೋಣ ಅಂತ ಒಬ್ಬರು ಅಂದರು. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ, ಬೆಂಕಿಯ ಪಕ್ಕ ಇಟ್ಟರೆ ನಮ್ಮದೇ ಸುದ್ದಿ ಆಗುತ್ತದೆ. ಹಾಗಾಗಿ ಥರ್ಮಾಕೋಲ್ ಹಚ್ಚಿದ ಮರದ ಗೂಡು ಮಾಡಿಸಿದೆವು, ಗಾಳಿಯಾಡಲು ಕಿಂಡಿ ಬಿಟ್ಟು. ಸೂಚನೆಗಳನ್ನು ಒಂದು ಸಲದ ಬದಲು ಮೂರು ಸಲ ಓದತೊಡಗಿದರು. ಅವತ್ತವತ್ತಿನ ಸೂಚನೆಯ ಕಾಗದದ ಒಂದು ಪ್ರತಿ ಟ್ರಾನ್ಸ್‌ಮಿಟರ್ ಕೋಣೆಗೂ ಬರತೊಡಗಿತು. ಇದು ಅಚೆ-ಲೇ ಹಠ ಹಿಡಿದು ಮಾಡಿಸಿದ್ದು. ಅದಕ್ಕೂ ಮುಂಚೆ ಗಾಳಿಯಲ್ಲಿ ಏನು ಹೋಗುತ್ತಿದೆ ಅನ್ನೋದು ನನಗೆ ಬರೀ ಮೀಟರಿನ ಮುಳ್ಳಿನ ಕುಣಿತ. ಕೋಣೆಯ ಸ್ಪೀಕರ್ ಸದ್ದು ಕಿರಿಕಿರಿ ಅಂತ ಸಣ್ಣ ಮಾಡಿಡುತ್ತಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಲಡಾಖಿ ಬಾರದಿದ್ದರೂ ಆಮೇಲೆ ದೊಡ್ಡದಾಗಿ ಇಟ್ಟೆ. ಬರಬರುತ್ತಾ ‘ವಿಮಾನ’, ‘ರಸ್ತೆ’, ‘ಇಲ್ಲ’ ಅನ್ನುವ ಮೂರು ಪದ ಕಿವಿಗೆ ಸಿಗತೊಡಗಿದವು.

ಈಗ ಮತ್ತೆ ಕರಾವಳಿಯಲ್ಲಿದ್ದೇನೆ. ‘ಆಕಾಶವಾಣಿ’ ಅನ್ನುವ ಹೆಸರು 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ಶುರು ಮಾಡಿದ ರೇಡಿಯೋದಿಂದ ಬಂದದ್ದು ಅಂತ ಹೊಸಬರಿಗೆ ಹೇಳುವಾಗ ಜಂಬ ಆಗುತ್ತದೆ. ಆದರೆ ನನಗೆ ಕೆಲಸ ಕಲಿಸಿದ ಊರು ಯಾವುದು ಅಂದರೆ ಕೈ ಉತ್ತರಕ್ಕೇ ಹೋಗುತ್ತದೆ.

ಕಳೆದ ಜೂನ್‌ನಲ್ಲಿ ಒಂದು ನಸುಕು, ಸಿಡಿಲಿಗೆ ಕರೆಂಟ್ ಹೋಯಿತು. ಜನರೇಟರ್ ಕೈಕೊಟ್ಟಿತು. ನಾನು ಸೀದಾ ಎದ್ದು ಸಣ್ಣ ಟ್ರಾನ್ಸ್‌ಮಿಟರ್‌ಗೆ ಬದಲಿಸಿದೆ. ಜೊತೆಗಿದ್ದ ಹೊಸ ಹುಡುಗನಿಗೆ ಆಶ್ಚರ್ಯ.

“ಸರ್, ಬ್ಯಾಟರಿ ಫುಲ್ ಇದೆಯಲ್ವಾ? ದೊಡ್ಡದೇ ಓಡಲಿ, ಈಗ ಹೋಗ್ತಿರೋದು ಭಕ್ತಿಗೀತೆ ತಾನೆ?”

“ಅದಕ್ಕೇ ಮಾರಾಯ. ಇನ್ನರ್ಧ ಗಂಟೆಗೆ ಮೀನುಗಾರರಿಗೆ ಹವಾಮಾನ ಇದೆ.”