ಖಾಲಿ ಹೊಟ್ಟೆಗೆ ಪೈಪೋಟಿ

ಥೈರಾಯ್ಡ್ ಮಾತ್ರೆಗೆ ಖಾಲಿ ಹೊಟ್ಟೆ ಬೇಕು. ಭಾನುವಾರದ ಮೂಳೆ ಮಾತ್ರೆಗೂ ಅದೇ ಬೇಕು. ಫಿಲ್ಟರ್ ಕಾಫಿಗಂತೂ ಅದು ಹುಟ್ಟಿನಿಂದ ಬಂದ ಹಕ್ಕು. ಡಾಕ್ಟರು ಸರದಿ ಹಾಕಿಕೊಟ್ಟಿದ್ದಾರೆ. ಭಾನುವಾರ ಮೊದಲು ಅಲೆಂಡ್ರೊನೇಟ್ ಅನ್ನೋ ಆ ಮೂಳೆ ಮಾತ್ರೆ, ಲೋಟ ತುಂಬ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಮಾತ್ರೆ ಅನ್ನನಾಳದಲ್ಲಿ ಕೂತರೆ ಹುಣ್ಣಾಗುತ್ತದೆ. ಅದಾದ ಮೇಲೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಮಾತ್ರೆ. ಇನ್ನೊಂದು ಗಂಟೆ ಕಾದರೆ ಕಾಫಿ. ಅಷ್ಟರಲ್ಲಿ ಪಕ್ಕದ ಮನೆಯ ಡಿಕಾಕ್ಷನ್ ಘಮ ಕಿಟಕಿಯಿಂದ ಒಳಗೆ ಬಂದಿರುತ್ತದೆ! ಕ್ಯಾಲ್ಸಿಯಂ ಮಾತ್ರೆ ಮಧ್ಯಾಹ್ನದ ಊಟಕ್ಕೆ. 4 ಗಂಟೆ ಅಂತರ ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಸುಸ್ತು ಅಂತ ಸುಮ್ನೆ ಡೋಸ್ ಏರಿಸೋಣ ಅಂದರೆ ಅದೂ ಆಗದು. ಥೈರಾಕ್ಸಿನ್ ಜಾಸ್ತಿಯಾಗಿ, ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನು ಟಿಎಸ್‌ಎಚ್ ತೀರಾ ಇಳಿದರೆ ಮೂಳೆ ಇನ್ನಷ್ಟು ಸವೆಯುತ್ತದೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ. ನನ್ನ ಟಿ-ಸ್ಕೋರ್, ಅಂದರೆ ಮೂಳೆ ಎಷ್ಟು ಗಟ್ಟಿ ಅಂತ ಹೇಳುವ ಅಂಕ, ಮೈನಸ್ 2.7. ಅದು ಇಳಿದು ಮೈನಸ್ 2.5 ಮುಟ್ಟಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ, ಅನ್ನುತ್ತಾರೆ. ಹಾಗಾಗಿ ರಕ್ತಪರೀಕ್ಷೆ ಮಾತ್ರ ತಪ್ಪಿಸುವುದಿಲ್ಲ.

ನಮ್ಮ ಮನೆಯವರದ್ದು ಒಂದೇ ಪ್ರಶ್ನೆ: "ಮುದ್ದೆ ತಿಂದ ಮೂಳೆ ಕಣೇ, ಹೇಗೆ ಸವೆಯಿತು?" ರಾಗಿಯಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ, ನಿಜ. ಆದರೆ ಮುಟ್ಟು ನಿಂತು, ಮೂಳೆ ಕಾಯುವ ಹಾರ್ಮೋನು ಈಸ್ಟ್ರೋಜನ್ ಕೈಕೊಟ್ಟ ಮೇಲೆ ಮುದ್ದೆ ಒಂದೇ ಎಷ್ಟು ಅಂತ ಹೊತ್ತೀತು, ಅಲ್ವಾ?